ರಾಜಸ್ಥಾನದ ಹಳ್ಳಿಗಳ ಕುಣಿತ

(ಯುವಕ ಮಂಡಳಿಯ ಸಭೆಯಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ಕೀಟಗಳ ವಿಷಯ ಹೇಳುವವನು ಈ ಹೊತ್ತು ಕುಣಿತದ ವಿಷಯ ಹೇಳಲು ನಿಂತಿದ್ದಾನೆಂದು ಕೆಲವರಿಗೆ ನಗು ಬಂದಿರಬಹುದು. ಬೇರೊಂದು ನಾಡಿನ ಹಳ್ಳಿಯ ಕಲೆಯನ್ನು ಕುರಿತು ಮಾತನಾಡಿರೆಂದು ಮಂಡಳಿಯವರು ಕೇಳಿದರು. ನಾನು ರಾಜಸ್ಥಾನವನ್ನು ಆರಿಸಿಕೊಂಡೆನು. ಅಲ್ಲಿಯ ಕುಣಿತಗಳಲ್ಲಿ ಹೆಚ್ಚಿನವು ಹೊಲ, ಕಣ, ದನ, ಮಳೆ ಇವಕ್ಕೆ ಅಂಟಿಕೊಂಡೇ ಬೆಳೆದಿವೆ. ಕುಣಿಯುವವನ ಹೊಟ್ಟೆಗೆ ಹಿಟ್ಟು ಹೋದದ್ದೂ ಬಹುಮಟ್ಟಿಗೆ ರೈತನ ಕಣದಿಂದಲೇ. ಆದುದರಿಂದ ಇದು ನಮ್ಮ ವಿಷಯವೇ ಎಂದು ತಾವು ತಿಳಿಯಬೇಕು.

ರಾಜಸ್ಥಾನವೆಂದರೆ ನಮಗೆ ಪೇಟೆಯಲ್ಲಿನ ಮಾರವಾಡಿ ಅಂಗಡಿ, ಚಿತ್ರದಲ್ಲಿ ಕಂಡ ಒಂಟೆ, ಕೋಟೆ, ಮರಳು, ಇಷ್ಟೇ. ವಿಸ್ತೀರ್ಣದಲ್ಲಿ ಅದು ಭಾರತದ ಅತಿ ದೊಡ್ಡ ರಾಜ್ಯ, 3,42,239 ಚದರ ಕಿಲೋಮೀಟರ್. ಹಳೆಯ ಸಂಸ್ಥಾನಗಳು ಒಂದುಗೂಡಿ 1949ರಲ್ಲಿ ಆದ ನಾಡು. ನಮ್ಮ ಕನ್ನಡ ನಾಡು ಒಂದಾದ 1956ರ ನವೆಂಬರ್ 1ರಂದೇ ಅಜ್ಮೇರ್ ಕೂಡ ಅದಕ್ಕೆ ಸೇರಿತು. ನಾವು ಕುಳಿತಿರುವ ಈ ಪಂಚಾಯತಿಗೂ ಅದಕ್ಕೂ ಒಂದು ನಂಟು ಉಂಟು. 1959ರ ಅಕ್ಟೋಬರ್ 2ರಂದು ನೆಹರೂರವರು ಪಂಚಾಯತ್ ರಾಜ್ಯವನ್ನು ಮೊದಲು ಉದ್ಘಾಟಿಸಿದ್ದು ರಾಜಸ್ಥಾನದ ನಾಗೌರ್‌ನಲ್ಲಿ. ನಾಗೋರಿ ಎತ್ತು ಎಂಬ ಹೆಸರನ್ನು ಕೇಳಿದವರು ಇಲ್ಲಿ ಇರಬಹುದು; ವೇಗವಾಗಿ ನಡೆಯುವ ಆ ಬಿಳಿ ಎತ್ತಿನ ತಳಿ ಅದೇ ಸೀಮೆಯದು.

ಅರಾವಳಿ ಬೆಟ್ಟಸಾಲು ಆ ನಾಡನ್ನು ಓರೆಯಾಗಿ ಸೀಳಿ ನಿಂತಿದೆ. ಅದರ ಪಶ್ಚಿಮಕ್ಕೆ ಮಾರವಾಡ ಮತ್ತು ಥಾರ್ ಮರುಭೂಮಿ. ಜೈಸಲ್ಮೇರ್ ಕಡೆ ವರ್ಷಕ್ಕೆ 20 ಸೆಂಟಿಮೀಟರ್ ಮಳೆ ಬಿದ್ದರೆ ಒಳ್ಳೆಯ ವರ್ಷವೆನ್ನುತ್ತಾರೆ. ಅಲ್ಲಿ ಸಜ್ಜೆ, ಮಡಕೆಕಾಳು, ಗೋರಿಕಾಯಿ, ಎಳ್ಳು ಬೆಳೆಯುತ್ತಾರೆ. ಹೊಲದ ನಡುವೆ ನಿಲ್ಲುವ ಮರ ಖೇಜಡಿ. ಅದು ಬೇರೆ ಯಾವುದೂ ಅಲ್ಲ, ನಾವು ದಸರೆಯಲ್ಲಿ ಪೂಜಿಸುವ ಬನ್ನಿ ಮರವೇ. ಬೆಟ್ಟದ ಆಚೆಗೆ, ದಕ್ಷಿಣದಲ್ಲಿ, ಮೇವಾಡ. ಅಲ್ಲಿ ಮಳೆ ಹೆಚ್ಚು, ಮುಂಗಾರಿಗೆ ಮೆಕ್ಕೆಜೋಳ, ಹಿಂಗಾರಿಗೆ ಗೋದಿ. ಈ ಎರಡು ಸೀಮೆಗಳ ಹೆಸರನ್ನು ನೆನಪಿಟ್ಟುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ.

ಮಾರವಾಡದಲ್ಲಿ ಮೊದಲ ಮಳೆ ಬಿದ್ದು ನೇಗಿಲು ಹೂಡಿದಾಗ ರೈತ ಹಾಡುವುದು ತೇಜಾಜಿಯ ಹಾಡು. ತೇಜಾಜಿ ನಾಗೌರ್ ಸೀಮೆಯ ಖರನಾಲ್ ಎಂಬ ಹಳ್ಳಿಯ ಜಾಟ ರೈತನ ಮಗ. ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಿ ತಂದು, ಮೈಯೆಲ್ಲ ಗಾಯವಾಗಿದ್ದರೂ, ಹಾವಿಗೆ ಕೊಟ್ಟ ಮಾತನ್ನು ಉಳಿಸಲು ಅದರ ಬಳಿಗೆ ಹೋಗಿ ಕಚ್ಚಿಸಿಕೊಂಡು ಸತ್ತನೆಂದು ಕಥೆ. ನಮ್ಮ ಗೋವಿನ ಕಥೆಯಲ್ಲಿ ಪುಣ್ಯಕೋಟಿ ಹುಲಿಗೆ ಮಾತು ಕೊಟ್ಟಳು. ಅಲ್ಲಿ ದನ ಕಾಯುವವನೇ ಹಾವಿಗೆ ಮಾತು ಕೊಟ್ಟನು. ರಾಜರ ಯುದ್ಧದ ಕಥೆಗಳಿಗೆ ಹೆಸರಾದ ನಾಡಿನಲ್ಲಿ ಉಳುವವನು ಹಾಡುವುದು ದನ ಕಾದವನನ್ನು.

ಇನ್ನು ಕುಣಿತಕ್ಕೆ ಬರೋಣ. ಪುಸ್ತಕಗಳಲ್ಲಿ ಉದ್ದನೆಯ ಪಟ್ಟಿ ಇರುತ್ತದೆ. ಅದನ್ನು ಓದಿ ಹೇಳಿದರೆ ತಮಗೆ ನಿದ್ರೆ ಬಂದೀತು. ನಾನು ಅವನ್ನು ಎರಡು ಪಾಲು ಮಾಡಿಕೊಂಡಿದ್ದೇನೆ. ಊರಿನವರು ತಮಗಾಗಿ ತಾವೇ ಕುಣಿಯುವುದು ಒಂದು. ಒಂದು ಜನಾಂಗದವರು ಹೊಟ್ಟೆಪಾಡಿಗಾಗಿ ಊರಿನವರ ಮುಂದೆ ಕುಣಿಯುವುದು ಇನ್ನೊಂದು.

ಮೊದಲನೆಯ ಪಾಲಿನಲ್ಲಿ ಎಲ್ಲರಿಗೂ ತಿಳಿದಿರುವುದು ಘೂಮರ್. ಹಾಗೆಂದರೆ ಸುತ್ತುವುದು. ಹೆಂಗಸರು ನೆರಿಗೆಯ ದೊಡ್ಡ ಲಂಗ ತೊಟ್ಟು, ಸುತ್ತಾಗಿ ನಿಂತು, ತಾವೇ ಹಾಡುತ್ತ, ತಿರುಗುತ್ತ ಸಾಗುತ್ತಾರೆ. ಗಣಗೌರ್ ಹಬ್ಬದಲ್ಲಿ ಇದು ವಿಶೇಷ. ಹೋಳಿಯ ಮರುದಿನ ಹೆಣ್ಣುಮಕ್ಕಳು ಕಾಮದಹನದ ಬೂದಿಯನ್ನು ಮಣ್ಣಿಗೆ ಬೆರೆಸಿ, ಕುಡಿಕೆಯಲ್ಲಿ ಗೋದಿ, ಜವೆಗೋದಿಯ ಕಾಳು ಹಾಕಿ ನಿತ್ಯ ನೀರುಣಿಸುತ್ತಾರೆ. ಮೊಳಕೆ ಏಳುತ್ತದೆ. ಚೈತ್ರ ಶುದ್ಧ ತದಿಗೆಯಂದು, ಅಂದರೆ ನಮ್ಮ ಯುಗಾದಿಯ ಮೂರನೆಯ ದಿನ, ಗೌರಿಯನ್ನು ಕೆರೆಗೆ ಕಳಿಸುತ್ತಾರೆ. ನಮ್ಮಲ್ಲಿ ಚೈತ್ರಗೌರಿಯನ್ನು ಕೂರಿಸುವುದೂ ಅದೇ ತದಿಗೆಯಂದು. ಬಿತ್ತುವ ಮೊದಲು ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿಟ್ಟು ಎಷ್ಟು ಮೊಳೆಯುತ್ತವೆಂದು ಎಣಿಸಿ ನೋಡಿರೆಂದು ನಾನು ಮನೆಮನೆಗೂ ಹೇಳಿ ಸಾಕಾಗಿದ್ದೇನೆ. ಅಲ್ಲಿಯ ಹುಡುಗಿಯರು ಪರೀಕ್ಷೆಯೆಂದು ಹೆಸರಿಡದೆ ಮೊಳಕೆಯನ್ನು ಕಣ್ಣಿಟ್ಟು ನೋಡುತ್ತ ಬಂದಿದ್ದಾರೆ.

2018ರಲ್ಲಿ ತೆರೆಕಂಡ ಪದ್ಮಾವತ್ ಎಂಬ ಸಿನಿಮಾದಲ್ಲಿ ಘೂಮರನ್ನು ತಾವು ನೋಡಿರಬಹುದು. ಬೆಳಕು, ಬಟ್ಟೆ ಚೆನ್ನಾಗಿಯೇ ಇತ್ತು. ಆದರೆ ರಾಣಿಯೊಬ್ಬಳು ರಾಜನ ಎದುರಿಗೆ ಪ್ರದರ್ಶನ ಮಾಡುವಂತೆ ಅಲ್ಲಿ ತೋರಿಸಿದ್ದಾರೆ. ಹಬ್ಬದ ಘೂಮರ್ ಹೆಂಗಸರು ಹೆಂಗಸರ ನಡುವೆ ಆಡುವುದು. ಅತ್ತೆ, ಸೊಸೆ, ನಾದಿನಿ ಎಲ್ಲರೂ ಒಂದೇ ಸುತ್ತಿನಲ್ಲಿ ಇರುತ್ತಾರೆ. ನೋಡಲು ಬಂದವಳನ್ನೂ ಒಳಗೆ ಎಳೆದುಕೊಳ್ಳುತ್ತಾರೆ.

ಗಂಡಸರದು ಗೈರ್. ಹೋಳಿಯ ಕಾಲಕ್ಕೆ ಹಿಂಗಾರು ಬೆಳೆ ಕೈಗೆ ಬರುತ್ತಿರುತ್ತದೆ. ಆಗ ದೊಡ್ಡ ಸುತ್ತು ಕಟ್ಟಿ, ಕೋಲು ಹಿಡಿದು, ಡೋಲಿನ ಪೆಟ್ಟಿಗೆ ಸರಿಯಾಗಿ ಒಬ್ಬರ ಕೋಲಿಗೆ ಒಬ್ಬರು ತಾಗಿಸುತ್ತ ಕುಣಿಯುತ್ತಾರೆ. ನಮ್ಮ ಕೋಲಾಟ ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಕೋಲು ಮಾತ್ರ ನಮ್ಮದಕ್ಕಿಂತ ಉದ್ದ, ಸುತ್ತು ಬಹಳ ದೊಡ್ಡದು. ಮಾರವಾಡದಲ್ಲಿ ಬಾಲೋತರಾ ಹತ್ತಿರದ ಕನಾನಾ ಎಂಬ ಊರು ಇದಕ್ಕೆ ಹೆಸರಾಗಿದೆ. ಹೋಳಿಯಾದ ಒಂದು ವಾರಕ್ಕೆ ಅಲ್ಲಿ ಜಾತ್ರೆ ಸೇರಿ, ಸುತ್ತಲಿನ ಊರುಗಳ ತಂಡಗಳು ಬಂದು ಕುಣಿಯುತ್ತವೆ.

ಬಿಕಾನೇರ್ ಬಳಿ ಕತರಿಯಾಸರ್ ಎಂಬ ಹಳ್ಳಿ ಉಂಟು. ಜಸನಾಥ ಎಂಬ ಸಂತನನ್ನು ನಂಬಿದ ಸಿದ್ಧರು ಅಲ್ಲಿ ರಾತ್ರಿ ಜಾಗರಣೆ ಮಾಡಿ, ನಿಗಿನಿಗಿ ಕೆಂಡದ ರಾಶಿಯ ಮೇಲೆ ಕುಣಿಯುತ್ತಾರೆ. ನಮ್ಮ ಜಾತ್ರೆಗಳಲ್ಲಿ ಕೊಂಡ ಹಾಯುವುದನ್ನು ಕಂಡವರಿಗೆ ಕೆಂಡ ತುಳಿಯುವುದು ಹೊಸದಲ್ಲ. ನನಗೆ ವಿಶೇಷವಾಗಿ ಕಂಡದ್ದು ಬೇರೆ. ಆ ಬೆಂಕಿಯಲ್ಲಿ ಅವರು ಆಡಿ ತೋರಿಸುವುದು ಬೇಸಾಯವನ್ನು! ನೇಗಿಲು ಹೂಡಿ ಉಳುವಂತೆ ಕೆಂಡದಲ್ಲಿ ಸಾಗುತ್ತಾರೆ. ಮತೀರ ಎಂಬ ಮರಳುಗಾಡಿನ ಕಲ್ಲಂಗಡಿಯನ್ನು ಒಡೆಯುವಂತೆ ಆಡುತ್ತಾರೆ. ಬಿಸಿಲಲ್ಲಿ ಕಾದ ಮರಳನ್ನು ಬರಿಗಾಲಿನಲ್ಲಿ ಉತ್ತವರಿಗೆ ಕೆಂಡವೂ ಹೊಲದಂತೆ ಕಂಡಿತೋ ಏನೋ. (ಯುವಕ ಮಂಡಳಿಯವರು ಇದನ್ನು ಮಾಡಿ ನೋಡಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.)

ಈಗ ಮೇವಾಡದ ಗವರಿ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡದು. ಆದುದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದು ಉದಯಪುರದ ಸುತ್ತಲಿನ ಭೀಲರದು. ಭೀಲರು ಬೆಟ್ಟದ ಜನ. ಬಿಲ್ಲಿಗೆ ಹೆಸರಾದವರು, ಈಗ ಸಣ್ಣ ಹಿಡುವಳಿಯ ರೈತರು, ಕೂಲಿಕಾರರು. ನಮ್ಮ ನೂಲ ಹುಣ್ಣಿಮೆಯ ಮರುದಿನ ಗವರಿ ಹೊರಡುತ್ತದೆ. ಆಗ ಹೊಲದಲ್ಲಿ ಮೆಕ್ಕೆಜೋಳ ನಿಂತಿರುತ್ತದೆ. ಸುಮಾರು ನಲವತ್ತು ದಿನ ತಂಡದವರು ಮನೆ ಬಿಟ್ಟು ಊರೂರು ತಿರುಗಿ, ಹಗಲು ಪೂರ್ತಿ ಆಡುತ್ತಾರೆ. ಆಡುವವರೆಲ್ಲ ಗಂಡಸರು, ಹೆಣ್ಣಿನ ವೇಷವೂ ಅವರದೇ. ನಡುವೆ ತ್ರಿಶೂಲ ನೆಟ್ಟು ಅದರ ಸುತ್ತ ಕುಣಿತ. ಮಾದಳ ಎಂಬ ಮದ್ದಳೆ, ಬಾರಿಸಲು ಕಂಚಿನ ತಟ್ಟೆ, ಮೇಳವೆಂದರೆ ಅಷ್ಟೇ. ವೇದಿಕೆ ಇಲ್ಲ, ಪರದೆ ಇಲ್ಲ, ಊರ ನಡುವಿನ ಬಯಲೇ ರಂಗ. ಬಯಲಾಟದ ಊರಿನವರಾದ ನಮಗೆ ಇದು ಅರ್ಥವಾಗುತ್ತದೆ.

ಆ ನಲವತ್ತು ದಿನದ ನೇಮವನ್ನು ಕೇಳಿರಿ. ಕಾಲಿಗೆ ಜೋಡು ಇಲ್ಲ. ಮಂಚದ ಮೇಲೆ ಮಲಗುವಂತಿಲ್ಲ. ಮಾಂಸವಿಲ್ಲ, ಹೆಂಡವಿಲ್ಲ. ಹಸಿರು ಕಾಯಿಪಲ್ಯವನ್ನೂ ಮುಟ್ಟುವುದಿಲ್ಲ. ಹಸಿರಿಗೆ ನೋವು ಕೊಡಬಾರದೆಂಬ ಭಾವನೆಯೆಂದು ಹೇಳುತ್ತಾರೆ. ದಿನಕ್ಕೊಂದು ಊಟ. ತಂಡ ಹೋಗುವುದು ತಮ್ಮ ಊರಿನ ಹೆಣ್ಣುಮಕ್ಕಳನ್ನು ಕೊಟ್ಟ ಊರುಗಳಿಗೆ. ಗೌರಿ ತವರಿಗೆ ಬಂದಿದ್ದಾಳೆ, ಅವಳನ್ನು ಕರೆದುಕೊಂಡು ನಮ್ಮ ಅಕ್ಕತಂಗಿಯರ ಊರಿಗೆ ಹೋಗಿ ಬರುತ್ತೇವೆ ಎಂಬುದು ಅವರ ಭಾವನೆ. ಗಂಡನ ಮನೆಯಲ್ಲಿರುವ ತಂಗಿಗೆ ತವರಿನವರೆಲ್ಲ ವೇಷ ಕಟ್ಟಿಕೊಂಡು ಬಾಗಿಲಿಗೆ ಬಂದರೆ ಹೇಗಿರಬಹುದು, ತಾಯಂದಿರು ಊಹಿಸಿಕೊಳ್ಳಲಿ.

ಆಟದಲ್ಲಿ ದೇವರ ಕಥೆಯೂ ಉಂಟು, ನಗೆಯೂ ಉಂಟು. ಆಲದ ಮರ ಕಡಿಸಿದ ರಾಜನ ಮೇಲೆ ದೇವಿ ಮುನಿಯುವ ಕಥೆಯೊಂದು. ಎತ್ತಿನ ಮೇಲೆ ಸರಕು ಹೇರಿಕೊಂಡು ಬರುವ ಬಂಜಾರನನ್ನು ದಾರಿಯಲ್ಲಿ ತಡೆಯುವ ಪ್ರಸಂಗವೊಂದು. ವ್ಯಾಪಾರಿ, ಅಧಿಕಾರಿ ಯಾರನ್ನೂ ಗೇಲಿ ಮಾಡದೆ ಬಿಡುವುದಿಲ್ಲ. ಕೊನೆಯಲ್ಲಿ ಆನೆಯ ಮೇಲೆ ಕುಳಿತ ಗೌರಿಯ ಮಣ್ಣಿನ ಮೂರ್ತಿಯನ್ನು ಮೆರೆಸಿ, ನೀರಿಗೆ ಬಿಟ್ಟು, ಅಳುತ್ತ ಮನೆಗೆ ಬರುತ್ತಾರೆ.

ಕೂಲಿ ಮಾಡಿ ಬದುಕುವವನು ನಲವತ್ತು ದಿನದ ಕೂಲಿ ಬಿಡುವುದು ಸಣ್ಣ ಮಾತಲ್ಲ. ಒಂದು ಊರು ಪ್ರತಿ ವರ್ಷ ಗವರಿ ಎತ್ತುವುದಿಲ್ಲ. ಕೆಲವು ವರ್ಷಗಳಿಗೊಮ್ಮೆ, ದೇವಿಯ ಅಪ್ಪಣೆ ಕೇಳಿ ಎತ್ತುತ್ತಾರೆ. ಖರ್ಚನ್ನು ಊರು ಹಂಚಿಕೊಳ್ಳುತ್ತದೆ. ಆಡಿಸಿದ ಊರು ಅನ್ನ, ಬಟ್ಟೆ ಕೊಡುತ್ತದೆ. ಇದರಲ್ಲಿ ಯಾರಿಗೂ ಲಾಭವಿಲ್ಲ. ಆದರೂ ಅದು ಇಂದಿಗೂ ನಡೆದಿದೆ. ಈಗ ಮೇವಾಡದ ಹುಡುಗರು ಕೆಲಸ ಹುಡುಕಿ ಗುಜರಾತಿನ ಪಟ್ಟಣಗಳಿಗೆ ಹೋಗುತ್ತಾರೆ. ಅಲ್ಲಿ ನಲವತ್ತು ದಿನದ ರಜೆ ಯಾರೂ ಕೊಡುವುದಿಲ್ಲ. ಗವರಿಗೆ ಇಂದು ಇರುವ ಕಷ್ಟ ಹಣದ್ದಷ್ಟೇ ಅಲ್ಲ, ದಿನಗಳದ್ದು.

ಎರಡನೆಯ ಪಾಲಿಗೆ ಬರುತ್ತೇನೆ. ನಮ್ಮಲ್ಲಿ ಹಿಂದೆ ಹನ್ನೆರಡು ಆಯಗಾರರು ಇದ್ದರೆಂದು ಹಿರಿಯರು ಬಲ್ಲರು. ಕಮ್ಮಾರ, ಬಡಗಿ, ಕುಂಬಾರ ಇವರಿಗೆ ಸುಗ್ಗಿಯಲ್ಲಿ ಕಣದಿಂದಲೇ ಆಯ ಹೋಗುತ್ತಿತ್ತು. ರಾಜಸ್ಥಾನದಲ್ಲಿ ಹಾಡುವವರಿಗೂ ಕುಣಿಯುವವರಿಗೂ ಇದೇ ಬಗೆಯ ಕಟ್ಟಳೆ. ಜೈಸಲ್ಮೇರ್, ಬಾಡಮೇರ್ ಕಡೆಯ ಲಂಗಾ, ಮಾಂಗಣಿಯಾರ್ ಎಂಬ ಮುಸಲ್ಮಾನ ಹಾಡುಗಾರರಿಗೆ ಒಡೆಯನ ಮನೆಯೆಂದು ಗೊತ್ತಾದ ಮನೆಗಳಿರುತ್ತವೆ. ಆ ಮನೆಗಳಲ್ಲಿ ಮಗು ಹುಟ್ಟಿದರೆ, ಮದುವೆಯಾದರೆ ಇವರೇ ಬಂದು ಹಾಡಬೇಕು. ಅವರು ಕಾಳು, ಕುರಿ, ಒಂಟೆ, ಬಟ್ಟೆ ಕೊಡಬೇಕು. ಈ ನಂಟು ತಲೆಮಾರಿನಿಂದ ತಲೆಮಾರಿಗೆ ನಡೆದು ಬಂದದ್ದು.

ಕಾಮಡರದು ತೇರಹ್ ತಾಲಿ. ಹದಿಮೂರು ತಾಳವೆಂದು ಅರ್ಥ. ಹೆಂಗಸು ನೆಲದ ಮೇಲೆ ಕಾಲು ಚಾಚಿ ಕುಳಿತಿರುತ್ತಾಳೆ. ಬಲಗಾಲಿನ ಉದ್ದಕ್ಕೆ ಒಂಬತ್ತು ತಾಳ ಕಟ್ಟಿದೆ, ಎರಡು ಮೊಣಕೈಗೆ ಎರಡು, ಕೈಯಲ್ಲಿ ಹಗ್ಗದ ತುದಿಗೆ ಎರಡು. ಕೈಯ ತಾಳವನ್ನು ಬೀಸಿ ಬೀಸಿ ಉಳಿದವಕ್ಕೆ ತಾಗಿಸುತ್ತ ಹೋಗುತ್ತಾಳೆ. ಗಂಡಸರು ತಂಬೂರಿ ಹಿಡಿದು ರಾಮದೇವನ ಭಜನೆ ಹಾಡುತ್ತಾರೆ. ತಲೆಯ ಮೇಲೆ ಕೊಡ, ಹಲ್ಲಿನಲ್ಲಿ ಕತ್ತಿ ಇದ್ದರೂ ತಾಳ ತಪ್ಪುವುದಿಲ್ಲ. ನಡುವೆ ಆಕೆ ಕೈಯಲ್ಲಿ ಆಡಿ ತೋರಿಸುವುದು ಏನೆಂದರೆ ಮನೆಗೆಲಸ: ಕಾಳು ಕೇರುವುದು, ಬೀಸುವುದು, ಮಜ್ಜಿಗೆ ಕಡೆಯುವುದು, ನೂಲುವುದು. ಪಾಲಿ ಜಿಲ್ಲೆಯ ಪಾದರ್ಲಾ ಗ್ರಾಮ ಈ ಕಲೆಯ ತವರು.

ತಲೆಯ ಮೇಲೆ ಏಳು, ಒಂಬತ್ತು ಕೊಡ ಪೇರಿಸಿಕೊಂಡು ಕುಣಿಯುವ ಭವಾಯಿ, ಮದುವೆಯ ದಿಬ್ಬಣದ ಮುಂದೆ ಹೋಗುವ ಕಚ್ಛೀ ಘೋಡಿ, ಕಿಶನ್‌ಗಢದ ಗುಜ್ಜರ ಹೆಂಗಸರ ಚರಿ, ಇವನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ಕಚ್ಛೀ ಘೋಡಿ ನಮ್ಮ ಕೀಲುಕುದುರೆಯ ಅಣ್ಣನೋ ತಮ್ಮನೋ ಇದ್ದಂತೆ. ಚರಿಯಲ್ಲಿ ಹಿತ್ತಾಳೆ ಕೊಡದ ಬಾಯಲ್ಲಿ ಎಣ್ಣೆಯಲ್ಲಿ ನೆನೆಸಿದ ಹತ್ತಿಬೀಜವನ್ನು ಉರಿಸಿ, ಆ ಉರಿಯುವ ಕೊಡವನ್ನು ತಲೆಯ ಮೇಲಿಟ್ಟು ಕುಣಿಯುತ್ತಾರೆ. ಹತ್ತಿಬೀಜಕ್ಕೆ ಇಂಥದೊಂದು ಉಪಯೋಗವಿದೆಯೆಂದು ನನ್ನ ಪಠ್ಯಪುಸ್ತಕದಲ್ಲಿ ಇರಲಿಲ್ಲ. ತಲೆಯ ಮೇಲೆ ಕೊಡವಿಟ್ಟು ಆಡುವ ಕುಣಿತ ಆ ನಾಡಿನಲ್ಲಿ ಇಷ್ಟೊಂದು ಏಕೆಂದು ಕೇಳಬೇಕಾಗಿಲ್ಲ. ನೀರಿಗಾಗಿ ಮೈಲಿಗಟ್ಟಲೆ ನಡೆದ ಹೆಂಗಸಿನ ಕುತ್ತಿಗೆಯಲ್ಲೇ ಅದು ಕಲಿತದ್ದು.

ಸಂಸ್ಥಾನಗಳು ಹೋದವು; 1952ರಲ್ಲಿ ಜಹಗೀರುಗಳನ್ನು ತೆಗೆಯುವ ಕಾನೂನು ಬಂತು. ಉಳುವವನಿಗೆ ಅದರಿಂದ ಒಳ್ಳೆಯದೇ ಆಯಿತು; ಅದರಲ್ಲಿ ಎರಡು ಮಾತಿಲ್ಲ. ಆದರೆ ಠಾಕೂರನ ಮನೆಯ ಆಶ್ರಯದಲ್ಲಿದ್ದ ಹಾಡುಗಾರ, ಕುಣಿತದವನಿಗೆ ಕೊಡುವ ಕೈ ಇಲ್ಲದಾಯಿತು. ಬರಬರುತ್ತ ರೈತನೂ ಕಾಳನ್ನು ಕಣದಿಂದ ನೇರ ಮಂಡಿಗೆ ಹಾಕಿ ಹಣ ತರುವವನಾದನು. ಕಣದಲ್ಲಿ ರಾಶಿಯ ಮುಂದೆ ಸೆರಗೊಡ್ಡಿ ನಿಂತವನಿಗೆ ಒಂದು ಮೊರ ಕಾಳು ಹಾಕುವುದು ಸುಲಭ. ಮಂಡಿಯಿಂದ ತಂದ ನೋಟನ್ನು ಮುರಿದು ಕೊಡುವುದು ಕಷ್ಟ. ನಮ್ಮ ಊರುಗಳಲ್ಲೂ ಹೀಗೇ ಆಗಿದೆಯಷ್ಟೆ. ಜಾತ್ರೆಗೆ ಧ್ವನಿವರ್ಧಕದವನು ಕೇಳಿದಷ್ಟು ಕೊಟ್ಟು, ಡೊಳ್ಳಿನವರ ಮುಂದೆ ಚೌಕಾಸಿಗೆ ಇಳಿಯುತ್ತೇವೆ.

ಆ ಹೊತ್ತಿನಲ್ಲಿ ಕೆಲವರು ಮುಂದೆ ಬಂದರು. ದೇವೀಲಾಲ್ ಸಾಮರ್ ಅವರು 1952ರಲ್ಲಿ ಉದಯಪುರದಲ್ಲಿ ಭಾರತೀಯ ಲೋಕ ಕಲಾ ಮಂಡಲವನ್ನು ಕಟ್ಟಿದರು. ಕೋಮಲ್ ಕೊಠಾರಿ ಮತ್ತು ಕಥೆಗಾರ ವಿಜಯದಾನ್ ದೇಥಾ ಸೇರಿ 1960ರಲ್ಲಿ ಜೋಧಪುರ ಜಿಲ್ಲೆಯ ಬೋರುಂದಾ ಎಂಬ ಹಳ್ಳಿಯಲ್ಲಿ ರೂಪಾಯನ್ ಎಂಬ ಸಂಸ್ಥೆ ತೆರೆದರು. ಪಟ್ಟಣದಲ್ಲಿ ಅಲ್ಲ, ಹಳ್ಳಿಯಲ್ಲಿ, ಇದನ್ನು ಗಮನಿಸಬೇಕು. ಊರೂರು ತಿರುಗಿ ಹಾಡುಗಳನ್ನು ಕೂಡಿಹಾಕಿದರು. ಲಂಗಾ, ಮಾಂಗಣಿಯಾರರನ್ನು ದೂರದ ಸಭೆಗಳಿಗೆ, ಹೊರದೇಶಗಳಿಗೆ ಕರೆದೊಯ್ದರು.

ಕಾಲಬೇಲಿಯರ ವಿಷಯವನ್ನು ಹೇಳದಿದ್ದರೆ ಈ ಮಾತು ಅರೆಯಾಗುತ್ತದೆ. ಇವರು ಹಾವಾಡಿಗರು. ಸ್ವಂತ ನೆಲವಿಲ್ಲದೆ ಊರ ಹೊರಗೆ ಡೇರೆ ಹಾಕಿ ತಿರುಗುತ್ತಿದ್ದ ಜನ. ಮನೆಗೆ, ಹಗೇವಿಗೆ, ಹೊಲಕ್ಕೆ ಹಾವು ಬಂದರೆ ರೈತ ಇವರನ್ನೇ ಕರೆಯುತ್ತಿದ್ದನು. ಇವರು ಹಿಡಿದು ದೂರ ಒಯ್ಯುತ್ತಿದ್ದರು. ಪುಂಗಿ ಊದಿ ಹಾವಾಡಿಸಿ ಕಾಳು, ಹಿಟ್ಟು ಬೇಡುತ್ತಿದ್ದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು, ಹಾವು ಹಿಡಿದು ಇಟ್ಟುಕೊಳ್ಳುವುದು ಅಪರಾಧವಾಯಿತು. ಕಾಯಿದೆ ಸರಿಯಾದದ್ದೇ. ಹಾವು ಇಲಿಯನ್ನು ತಿನ್ನುತ್ತದೆ, ಇಲಿ ನಮ್ಮ ಕಾಳನ್ನು ತಿನ್ನುತ್ತದೆ. ಆ ಲೆಕ್ಕ ತಮಗೆ ಗೊತ್ತು. ಆದರೆ ಹಾವಿನಿಂದ ಬದುಕುತ್ತಿದ್ದವನು ಮರುದಿನ ಏನು ತಿನ್ನಬೇಕೆಂಬುದಕ್ಕೆ ಕಾಯಿದೆಯಲ್ಲಿ ಉತ್ತರವಿರಲಿಲ್ಲ.

ಬುಟ್ಟಿಯಲ್ಲಿ ಹಾವು ಇಲ್ಲದಾದಾಗ ಹೆಣ್ಣುಮಕ್ಕಳೇ ಹಾವಿನಂತೆ ಕುಣಿದು ಸಂಸಾರ ಸಾಗಿಸಿದರು. ಕನ್ನಡಿ ಚೂರು, ಬಣ್ಣದ ದಾರದ ಕಸೂತಿ ಇರುವ ಕರಿಯ ಲಂಗ. ಬಳುಕಿ, ಬಗ್ಗಿ, ಬುಗುರಿಯ ಹಾಗೆ ಸುತ್ತುವುದು. ಗಂಡಸರ ಪುಂಗಿ ಹಾವಿನ ಮುಂದೆ ಊದುವುದು ನಿಂತು ಈಗ ಕುಣಿತಕ್ಕೆ ಊದುತ್ತದೆ. ಇವರಲ್ಲಿ ಗುಲಾಬೋ ಸಪೇರಾ ಎಂಬವರ ಹೆಸರನ್ನು ತಾವು ಕೇಳಿರಬೇಕು. ಹೆಣ್ಣೆಂದು ಹುಟ್ಟಿದ ಕೂಡಲೇ ಅವರನ್ನು ನೆಲದಲ್ಲಿ ಹೂಳಿದ್ದರಂತೆ. ಚಿಕ್ಕಮ್ಮ ಹೋಗಿ ಅಗೆದು ತೆಗೆದು ಉಳಿಸಿದರೆಂದು ಅವರೇ ಹಲವು ಕಡೆ ಹೇಳಿದ್ದಾರೆ. ತಂದೆಯ ಪುಂಗಿಗೆ ಹಾವುಗಳ ಜೊತೆ ಕುಣಿದು ಬೆಳೆದ ಆ ಹುಡುಗಿ 1985ರಲ್ಲಿ ಅಮೆರಿಕದಲ್ಲಿ ನಡೆದ ಭಾರತ ಉತ್ಸವದಲ್ಲಿ ಕುಣಿದರು. 2016ರಲ್ಲಿ ಪದ್ಮಶ್ರೀ ಬಂತು. 2010ರಲ್ಲಿ ಯುನೆಸ್ಕೋ ಸಂಸ್ಥೆ ಕಾಲಬೇಲಿಯರ ಹಾಡು ಕುಣಿತಗಳನ್ನು ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು.

ಇದೆಲ್ಲ ಪ್ರವಾಸಿಗಳಿಗಾಗಿ, ಹೋಟೆಲಿಗಾಗಿ ಕುಣಿಯುವುದು, ನಿಜವಾದ ಜನಪದವಲ್ಲವೆಂದು ಓದಿದ ಕೆಲವರು ಮೂಗು ಮುರಿಯುತ್ತಾರೆ. ನನಗೆ ಅದು ಸರಿಕಾಣುವುದಿಲ್ಲ. ಕಾಲಬೇಲಿಯ ಹೆಣ್ಣುಮಗಳು ಮೊದಲೂ ಹೊಟ್ಟೆಗಾಗಿಯೇ ಕುಣಿದಳು, ಈಗಲೂ ಹೊಟ್ಟೆಗಾಗಿಯೇ ಕುಣಿಯುತ್ತಾಳೆ. ಕೊಡುವವರು ಬದಲಾದರು, ಅಷ್ಟೇ. ಊರು ಕಾಳು ಕೊಡುವುದನ್ನು ಬಿಟ್ಟ ಮೇಲೆ ಕಲೆ ಊರಲ್ಲೇ ಇರಬೇಕೆಂದು ಕೇಳುವ ಹಕ್ಕು ಊರಿಗೆ ಎಲ್ಲಿಂದ ಬಂತು?

ಕನ್ನಡಿ ಚೂರಿನ ಲಂಗವೆಂದ ಕೂಡಲೇ ತಮಗೆಲ್ಲ ನಮ್ಮ ಲಂಬಾಣಿ ತಾಂಡಾ ನೆನಪಾಗಿರಬೇಕು. ತಮ್ಮ ಹಿರಿಯರು ಮಾರವಾಡದ ಕಡೆಯಿಂದ ಬಂದವರೆಂದು ಅವರೇ ಹೇಳುತ್ತಾರೆ. ಅವರ ಮಾತು ರಾಜಸ್ಥಾನಿ ಮಾತಿಗೆ ಹತ್ತಿರದ್ದು. ಎತ್ತಿನ ಹಿಂಡಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದಕ್ಷಿಣಕ್ಕೆ ಬಂದ ಬಂಜಾರರೇ ಇವರು; ಗವರಿಯಲ್ಲಿ ದಾರಿ ತಡೆಯುತ್ತಾರೆಂದು ಹೇಳಿದೆನಲ್ಲ, ಅದೇ ಬಂಜಾರ. ಸಂಡೂರಿನ ಲಂಬಾಣಿ ಕಸೂತಿಗೆ ಇಂದು ಭೌಗೋಳಿಕ ಗುರುತಿನ ಮಾನ್ಯತೆ ಉಂಟು. ದೀಪಾವಳಿಯಲ್ಲಿ ತಾಂಡಾದ ಹೆಣ್ಣುಮಕ್ಕಳು ಸುತ್ತಾಗಿ ನಿಂತು ಬಗ್ಗಿ ಎದ್ದು ಕುಣಿಯುವುದನ್ನು ನೋಡಲು ನಮ್ಮೂರಿನವರು ಎಷ್ಟು ಮಂದಿ ಹೋಗಿದ್ದೀರಿ?

ನೋಡಿ ಬರಬೇಕೆಂಬ ಮನಸ್ಸುಳ್ಳವರಿಗೆ ಕಾಲವನ್ನು ಹೇಳಿ ಮುಗಿಸುತ್ತೇನೆ. ಗೈರ್‌ಗೆ ಹೋಳಿಯ ಹೊತ್ತು. ಗಣಗೌರ್‌ಗೆ ಯುಗಾದಿಯ ಮೂರನೆಯ ದಿನ, ಜೈಪುರ ಇಲ್ಲವೇ ಉದಯಪುರ. ತೇರಹ್ ತಾಲಿಗೆ ಭಾದ್ರಪದ ಶುದ್ಧದಲ್ಲಿ ಜೈಸಲ್ಮೇರ್ ಜಿಲ್ಲೆಯ ರಾಮದೇವರಾ ಜಾತ್ರೆ. ಅಲ್ಲಿಗೆ ಹಿಂದೂಗಳೂ ಮುಸಲ್ಮಾನರೂ ಬರುತ್ತಾರೆ. ಕಾರ್ತಿಕ ಹುಣ್ಣಿಮೆಗೆ ಪುಷ್ಕರದ ಜಾತ್ರೆಯಲ್ಲಿ ಒಂಟೆ, ದನ, ಕುದುರೆಗಳ ವ್ಯಾಪಾರವನ್ನೂ ಕಾಲಬೇಲಿಯರ ಕುಣಿತವನ್ನೂ ಒಟ್ಟಿಗೆ ನೋಡಬಹುದು. ಗವರಿಗೆ ಮಾತ್ರ ಗೊತ್ತಾದ ಊರಿಲ್ಲ, ಟಿಕೆಟ್ಟಿಲ್ಲ. ನೂಲ ಹುಣ್ಣಿಮೆ ಕಳೆದ ಮೇಲೆ ಉದಯಪುರದಿಂದ ಹಳ್ಳಿಯ ಬಸ್ಸು ಹತ್ತಿ, ಮಾದಳದ ಸದ್ದು ಕೇಳಿದ ಕಡೆ ಇಳಿಯಬೇಕು.